ಕೆಂಪು ಪಟ್ಟಿಯ ಗಾಜಿನ ಒರಳು

ಎರಡು ವರ್ಷ ನಾನು ಹುಳು ಅರೆದಿದ್ದೇನೆ. ಹೀಗೆ ಹೇಳಿದ ಕೂಡಲೇ ಮೂಗು ಮುರಿಯುವವರೇ ಹೆಚ್ಚು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಅವು ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ದುಂಡು ಹುಳುಗಳು. ವಡಾಲದ ನಮ್ಮ ಲ್ಯಾಬಿನಲ್ಲಿ ಅವನ್ನು ಅಂಗೈಯಗಲದ ಪ್ಲೇಟುಗಳಲ್ಲಿ ಬ್ಯಾಕ್ಟೀರಿಯಾ ತಿನ್ನಿಸಿ ಸಾಕುತ್ತೇವೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹೊಟ್ಟೆಯೊಳಗಿನ ಮೊಟ್ಟೆಯೂ ಕಾಣುತ್ತದೆ, ಅಷ್ಟು ಪಾರದರ್ಶಕ. ಅವುಗಳಿಗೆ ಬಚ್ಚಿಡಲು ಬರುವುದಿಲ್ಲ. ಬಚ್ಚಿಟ್ಟದ್ದು ನಾನು, ಮೂರು ದಿನ. ಆ ಮೂರು ದಿನ ಎಷ್ಟು ಹೆದರಿದ್ದೆನೆಂದರೆ, ಇವತ್ತಿಗೂ ಯಾರಾದರೂ ಪಕ್ಕದಲ್ಲಿ ನಿಂಬೆಹಣ್ಣು ಹೆಚ್ಚಿದರೆ ಎದ್ದು ಆಚೆ ಹೋಗುತ್ತೇನೆ.

ನನ್ನ ಕೆಲಸ ಆ ಹುಳುಗಳಲ್ಲಿರುವ ವಿಟಮಿನ್ ಸಿ ಅಳೆಯುವುದು. ಮುಲುಂಡಿನ ನಮ್ಮ ಮನೆಯಲ್ಲಿ ಇದು ಇಂದಿಗೂ ತಮಾಷೆಯ ವಿಷಯ. "ಹುಳಕ್ಕೆ ದಿನಾ ನೆಲ್ಲಿಕಾಯಿ ತಿನ್ನಿಸ್ತೀಯೇನೇ?" ಎಂದು ಅಮ್ಮ ಕೇಳುತ್ತಾಳೆ. ತಿನ್ನಿಸಬೇಕಾಗಿಲ್ಲ. ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುವ ಯೋಗ್ಯತೆ ಮನುಷ್ಯರಾದ ನಮಗೆ ಇಲ್ಲ, ಹುಳುವಿಗೆ ಇದೆ. ಅದು ತಾನೇ ಮಾಡಿಕೊಂಡು ತಾನೇ ಬಳಸಿಕೊಂಡು ಇರುತ್ತದೆ. ಬಳಕೆಯ ದಾರಿಗಳಲ್ಲಿ ಒಂದು, ಜೀವಕೋಶದ ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು. ಅದು ಪೊರೆಯ ಈಚೆ ಬದಿಯಲ್ಲಿ ವಿಟಮಿನ್ ಸಿಯಿಂದ ಒಂದು ಎಲೆಕ್ಟ್ರಾನನ್ನು ಇಸಿದುಕೊಂಡು ಆಚೆ ಬದಿಗೆ ದಾಟಿಸುತ್ತದೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತವಳ ಬ್ಯಾಗನ್ನು ನಡುವೆ ನಿಂತವಳು ತೆಗೆದುಕೊಂಡು ಕಿಟಕಿಯ ಕಡೆಯವಳಿಗೆ ಕೊಡುತ್ತಾಳಲ್ಲ, ಹಾಗೆ. ನಡುವಿನವಳಿಗೆ ಬ್ಯಾಗಿನಲ್ಲಿ ಏನಿದೆಯೆಂದು ಗೊತ್ತಿಲ್ಲ, ಕೇಳುವುದೂ ಇಲ್ಲ, ಕೊಟ್ಟುಬಿಡುತ್ತಾಳೆ.

ಆ ನಡುವಿನವಳೇ ಇಲ್ಲದ, ಅಂದರೆ ಆ ಪ್ರೋಟೀನೇ ಇಲ್ಲದ ಒಂದು ತಳಿ ನಮ್ಮಲ್ಲಿತ್ತು. ಸಾಮಾನ್ಯ ಹುಳುಗಳನ್ನೂ ಈ ಕೊರತೆಯ ಹುಳುಗಳನ್ನೂ ಬೇರೆ ಬೇರೆಯಾಗಿ ಅರೆದು ನಾನು ಅಳೆದೆ. ಕೊರತೆಯ ಹುಳುಗಳಲ್ಲಿ ವಿಟಮಿನ್ ಸಿ ಹೆಚ್ಚಿತ್ತು. ಇನ್ನೊಮ್ಮೆ ಅಳೆದೆ, ಆಗಲೂ ಹೆಚ್ಚಿತ್ತು. ಅದಕ್ಕೆ ಅರ್ಥವೂ ಎಷ್ಟು ಸಲೀಸಾಗಿ ಸಿಕ್ಕಿತು! ದಾಟಿಸುವವಳು ಇಲ್ಲ, ಆದ್ದರಿಂದ ಬ್ಯಾಗು ಬಾಗಿಲಲ್ಲೇ ಉಳಿಯಿತು, ವಿಟಮಿನ್ ಸಿ ಖರ್ಚಾಗಲಿಲ್ಲ. ನನ್ನ ಪಿಎಚ್‌ಡಿ ಗೈಡ್, ನಾವೆಲ್ಲ ಮೇಡಂ ಎನ್ನುವವರು, ಮರಾಠಿಯವರು, ಸಿಡುಕಿನ ಹೆಂಗಸು. ಹೊಗಳಿಕೆ ಅವರ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಆ ಗ್ರಾಫ್ ನೋಡಿ ಮೊದಲ ಸಲ ನನ್ನ ಬೆನ್ನು ತಟ್ಟಿದರು. ಲೇಖನ ಬರೆದಾಯಿತು, ಹತ್ತು ಸಲ ತಿದ್ದಿಯೂ ಆಯಿತು. ಶುಕ್ರವಾರ ಅದನ್ನು ಸಂಶೋಧನಾ ಪತ್ರಿಕೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮೊದಲ ಹೆಸರು ನನ್ನದು.

ನಾನು ಹುಟ್ಟಾ ಪುಕ್ಕಲಿ. ಲ್ಯಾಬಿನಲ್ಲಿ ಪುಕ್ಕಲರಿಗೆ ಎಚ್ಚರಿಕೆಯವರೆಂಬ ಒಳ್ಳೆಯ ಹೆಸರು ಬರುತ್ತದೆ. ಒಂದು ತಳಿಯ ಕಣ ಇನ್ನೊಂದಕ್ಕೆ ತಾಗೀತೆಂಬ ಭಯದಿಂದ ಅರೆಯಲು ಎರಡು ಒರಳು ಇಟ್ಟುಕೊಂಡಿದ್ದೆ. ಒರಳೆಂದರೆ ಕಲ್ಲಿನದಲ್ಲ, ಗೇಣುದ್ದದ ಗಾಜಿನ ಕೊಳವೆ, ಅದರೊಳಗೆ ಬಿಗಿಯಾಗಿ ಇಳಿಯುವ ಗಾಜಿನ ಒನಕೆ. ಹುಳುವಿನ ಗಟ್ಟಿ ಚರ್ಮ ಹರಿಯಲೆಂದು ಒಳಗಿನ ಗಾಜನ್ನು ಬೇಕೆಂದೇ ತರಿತರಿಯಾಗಿ ಬಿಟ್ಟಿರುತ್ತಾರೆ. ಸಾಮಾನ್ಯ ಹುಳುಗಳ ಒರಳಿಗೆ ನೀಲಿ ಪಟ್ಟಿ, ಕೊರತೆಯ ಹುಳುಗಳ ಒರಳಿಗೆ ಕೆಂಪು ಪಟ್ಟಿ ಸುತ್ತಿದ್ದೆ. ನೀಲಿಯದು ಹೊಸದು. ಕೆಂಪಿನದು ಹಿಂದಿನವರು ಯಾರೋ ಬಳಸಿ ಬಿಟ್ಟುಹೋದದ್ದು, ತಳದಲ್ಲಿ ಒಂದು ಕಂದು ಕಲೆ ಇತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವೆರಡನ್ನು ಅದಲುಬದಲು ಮಾಡಲಿಲ್ಲ. ಮೇಡಂ ಹೊಸಬರನ್ನು ಕರೆದು ನನ್ನ ಪಟ್ಟಿಗಳನ್ನು ತೋರಿಸಿ, ಕೆಲಸವೆಂದರೆ ಹೀಗಿರಬೇಕು ಅಂದಿದ್ದರು.

ಎಚ್ಚರಿಕೆಯ ಇನ್ನೊಂದು ವ್ಯವಸ್ಥೆ ನಮ್ಮ ನೋಟ್‌ಬುಕ್. ದಿನದ ಕೆಲಸವನ್ನು ದಿನವೇ ಬರೆಯಬೇಕು, ಪುಟದ ಕೆಳಗೆ ಎರಡು ಸಹಿ ಬೇಕು. ಒಂದು ಬರೆದವರದು. ಇನ್ನೊಂದು, ಓದಿ ಅರ್ಥಮಾಡಿಕೊಂಡ ಸಾಕ್ಷಿಯದು. ನಿಯಮ ಒಳ್ಳೆಯದೇ. ನಡೆಯುತ್ತಿದ್ದದ್ದು ಏನೆಂದರೆ, ಶುಕ್ರವಾರ ಚಹಾ ಕುಡಿಯುತ್ತ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ತಳ್ಳಿ ವಾರದ ಪುಟಗಳಿಗೆಲ್ಲ ಒಂದೇ ಉಸಿರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ನನ್ನ ಪುಟಗಳನ್ನು ಯಾರೂ ಓದಲಿಲ್ಲ. ಬೇರೆಯವರದನ್ನು ನಾನೂ ಓದಲಿಲ್ಲ.

ಲ್ಯಾಬಿನ ಗಾಜಿನ ಸಾಮಾನನ್ನೆಲ್ಲ ತೊಳೆಯುತ್ತಿದ್ದವರು ವಿಜಯಪುರ ಜಿಲ್ಲೆಯ ಒಬ್ಬ ಹೆಂಗಸು. ಎಲ್ಲರಿಗೂ ಅವರು ಮೌಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನನಗೊಬ್ಬಳಿಗೆ ಅಕ್ಕ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ಅವರೂ ನನ್ನನ್ನು ಅಕ್ಕಾರ ಅಂತಲೇ ಕರೆಯುತ್ತಿದ್ದರು. ಗಂಡ ಕಟ್ಟಡ ಕೆಲಸದವರು, ಮಳೆಗಾಲ ಬಂತೆಂದರೆ ಮನೆಯಲ್ಲೇ. ಆದ್ದರಿಂದ ಇವರ ಕೆಲಸವೇ ಮನೆಗೆ ಆಧಾರ. ಅದೂ ಗುತ್ತಿಗೆಯದು, ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡಬೇಕು. ಇವರಿಗಿಂತ ಮೊದಲಿದ್ದ ಹೆಂಗಸನ್ನು ಒಂದು ದೊಡ್ಡ ಫ್ಲಾಸ್ಕ್ ಒಡೆದದ್ದಕ್ಕೆ ಸೂಪರ್‌ವೈಸರ್ ಮರುದಿನವೇ ಬಿಡಿಸಿದ್ದನ್ನು ನಾನು ಕಂಡಿದ್ದೆ. ಅಕ್ಕನ ಹಿಂದಿ ತಡವರಿಸುತ್ತಿತ್ತು, ನನ್ನ ಮೈಸೂರು ಕನ್ನಡವನ್ನು ಅವರು "ಪುಸ್ತಕದ ಮಾತು" ಎಂದು ನಗುತ್ತಿದ್ದರು. ಮಧ್ಯಾಹ್ನ ತೊಳೆಯುವ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ಅವರ ಶೇಂಗಾ ಚಟ್ನಿ ನನಗೆ, ನನ್ನ ಚಿತ್ರಾನ್ನ ಅವರಿಗೆ. ನಾವು ಏನು ಮಾತಾಡಿದರೂ ಲ್ಯಾಬಿನಲ್ಲಿ ಮೂರನೆಯವರಿಗೆ ಅರ್ಥವಾಗುತ್ತಿರಲಿಲ್ಲ. ಅದು ನನಗೆ ಬಹಳ ಹಿತವಾಗಿತ್ತು.

ಲೇಖನ ಹೋಗಬೇಕಿದ್ದ ವಾರದ ಸೋಮವಾರ ಏನೋ ಬೀಕರ್ ಹುಡುಕುತ್ತ ತೊಳೆಯುವ ಕೋಣೆಗೆ ಹೋದೆ. ಸಿಂಕಿನ ಅಂಚಿನಲ್ಲಿ ಹಿಂಡಿದ ನಿಂಬೆಹಣ್ಣಿನ ನಾಲ್ಕು ಹೋಳು ಸಾಲಾಗಿದ್ದವು. ಪಕ್ಕದಲ್ಲಿ ಕೆಂಪು ಪಟ್ಟಿಯ ಒರಳು. ಅದರೊಳಗೆ ಮಬ್ಬಾದ ಹಳದಿ ನೀರು.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲಾ ಒಟ್ಟಿಗೇ ಹೊಳೆಯಿತು. ಒರಳನ್ನೆತ್ತಿ ಮೂಸಿ ನೋಡಿದೆ.

"ಇದೇನಕ್ಕ? ಇದಕ್ಕೆ ನಿಂಬೆಹಣ್ಣು ಯಾಕೆ ಹಾಕಿದ್ದೀರಿ?"

"ಆ ಕುಟ್ಟಾಣಿ ತಳದಾಗ ಕಲಿ ಐತಲ್ರೀ ಅಕ್ಕಾರ, ಸಾಬಣಿಗೆ ಹೋಗೂದಿಲ್ಲ ಅದು," ಅಂದರು ಅಕ್ಕ, ಕೈ ಒರೆಸಿಕೊಳ್ಳುತ್ತ. ಆ ಒರಳನ್ನು ಅವರು ಯಾವಾಗಲೂ ಕುಟ್ಟಾಣಿ ಎನ್ನುತ್ತಿದ್ದರು, ಹಲ್ಲಿಲ್ಲದವರು ಎಲೆಅಡಿಕೆ ಕುಟ್ಟುವುದರ ಹಾಗೆ ಇದೆಯೆಂದು. "ಲಿಂಬಿಹಣ್ಣು ಹಿಂಡಿ ರಾತ್ರಿಪೂರಾ ಬಿಡ್ತೀನಿ. ಮುಂಜಾನಿ ನೀರಾಗ ಜಾಲಿಸಿ ಇಡ್ತೀನಿ. ನಿಮ್ಮ ಕೆಲಸ ಇದ್ದ ಹಿಂದಿನ ದಿನ ತಪ್ಪಸಂಗಿಲ್ಲ ನಾ."

"ಎರಡಕ್ಕೂನಾ?"

"ನೀಲಿದಕ್ಕ ಯಾಕ? ಅದು ಹೊಸಾದು, ಛಲೋ ಐತಿ. ಇದಕ್ಕಷ್ಟ."

"ಯಾವಾಗಿಂದ?"

ಅಕ್ಕ ನನ್ನ ಮುಖ ನೋಡಿದರು. ಏನೋ ತಪ್ಪಾಗಿದೆಯೆಂದು ಅವರಿಗೆ ಆಗ ಗೊತ್ತಾಗಿರಬೇಕು. ದನಿ ಸಣ್ಣದಾಯಿತು. "ನೀವಽ ಹೇಳಿದ್ರಲ್ಲರೀ. ನಾ ಬಂದ ಹೊಸದಾಗ. ನಿಮ್ಮವ್ವಾರು ಸಿಪ್ಪಿ ಕೂಡಿಸಿ ಇಡ್ತಾರ, ಎಂಥಾ ಕಲಿ ಇದ್ರೂ ಲಿಂಬಿಹಣ್ಣಿಗೆ ಹೋಗ್ತೈತಿ, ಇದಕ್ಕೂ ಹಚ್ಚಿ ನೋಡ್ರಿ ಅಂದಿದ್ರಿ."

ಹೇಳಿದ್ದೆ. ನಿಂತಲ್ಲೇ ನೆನಪಾಯಿತು. ಮೆಟ್ಟಿಲ ಮೇಲೆ ಕೂತು ಅಮ್ಮನ ಪ್ರತಾಪ ಕೊಚ್ಚಿಕೊಂಡಿದ್ದೆ. ನಮ್ಮ ಮನೆಯಲ್ಲಿ ಹಿಂಡಿದ ನಿಂಬೆ ಸಿಪ್ಪೆಯನ್ನು ಎಸೆಯುವುದಿಲ್ಲ, ಸಿಂಕಿನ ಪಕ್ಕ ಒಂದು ಡಬ್ಬಿಯಲ್ಲಿ ಕೂಡಿಡುತ್ತೇವೆ, ದೇವರ ದೀಪದಿಂದ ಹಿಡಿದು ಚಹಾದ ಕೆಟಲ್‌ವರೆಗೆ ಅದೇ. ಆಗ ನಾನಿನ್ನೂ ವಿಟಮಿನ್ ಸಿ ಕೆಲಸ ಶುರು ಮಾಡಿರಲಿಲ್ಲ. ಹೇಳಿ ಮರೆತಿದ್ದೆ. ಅವರು ಮರೆಯಲಿಲ್ಲ. ಎರಡು ವರ್ಷ, ಪ್ರತಿ ಸಲವೂ, ನಾನು ವಿಟಮಿನ್ ಸಿ ಅಳೆಯುವ ಹಿಂದಿನ ದಿನ, ಅಳೆಯುವ ಒರಳಿಗೇ, ಅದರಲ್ಲೂ ಒಂದಕ್ಕೇ, ವಿಟಮಿನ್ ಸಿ ಹಿಂಡಿ ಇಟ್ಟಿದ್ದಾರೆ. ನನ್ನ ಮೇಲಿನ ಪ್ರೀತಿಗೆ.

ನೀವು ಕೇಳಬಹುದು, ಇಷ್ಟು ದಿನ ಗೊತ್ತಾಗಲಿಲ್ಲವೇ ಎಂದು. ಇದಕ್ಕೆಂದೇ ನಮ್ಮಲ್ಲಿ ಬ್ಲ್ಯಾಂಕ್ ಎಂಬುದಿದೆ. ಹುಳು ಹಾಕದೆ ಬರೀ ದ್ರಾವಣವನ್ನು ಅಳೆಯುವುದು. ಅದರಲ್ಲಿ ಏನೂ ಕಾಣಬಾರದು, ಕಂಡರೆ ಎಲ್ಲೋ ಕೊಳೆ ಸೇರಿದೆ ಎಂದರ್ಥ. ನಾನು ಒಂದು ದಿನವೂ ಬ್ಲ್ಯಾಂಕ್ ತಪ್ಪಿಸಿದವಳಲ್ಲ. ಆದರೆ ಅದನ್ನು ಹೊಸ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇಡುತ್ತಿದ್ದೆ. ಜಾಲಿಸಿದರೂ ರಸ ಉಳಿಯುವ ಆ ತರಿತರಿ ಒರಳಿಗೆ ಹಾಕಿ ತೆಗೆಯಬೇಕೆಂದು ತೋಚಲೇ ಇಲ್ಲ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಅಕ್ಕ ಹೇಳಿದ್ದೆಲ್ಲ ಕೇಳಿದ ಮೇಲೆ ನಾನು ಆಡಿದ ಮಾತು ಒಂದೇ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಅಕ್ಕ, ಯಾರಿಗೂ ಹೇಳಬೇಡಿ," ಅಂದೆ.

ಅವರು "ಇಲ್ಲರೀ" ಅಂದರು. ಯಾಕೆಂದು ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಒರಳನ್ನು ಅಕ್ಕ ಎಂದಿನಂತೆ ಜಾಲಿಸಿ ಒಣಗಿಸಿ ಇಟ್ಟಿದ್ದರು. ನಾನು ಅದರೊಳಗೆ ಹುಳು ಹಾಕದೆ, ಬರೀ ದ್ರಾವಣ ಸುರಿದು ಒನಕೆ ಆಡಿಸಿದೆ. ನೀಲಿಯದರಲ್ಲೂ ಹಾಗೆಯೇ. ಎರಡನ್ನೂ ಟ್ಯೂಬುಗಳಿಗೆ ತುಂಬಿ, ಬೆಳಕು ತಾಗದಂತೆ ಬೆಳ್ಳಿ ಕಾಗದ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ನಡುವೆ ಹೂತೆ. ವಿಟಮಿನ್ ಸಿ ಬಲು ಬೇಗ ಕೆಡುತ್ತದೆ, ಬಿಸಿಗೂ ಬೆಳಕಿಗೂ. ಅದನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ, ಫೋರ್ಟ್ ಪ್ರದೇಶದ ಒಂದು ಹಳೆಯ ಕಾಲೇಜಿನಲ್ಲಿತ್ತು. ಹಾಗಾಗಿ ಎರಡು ವರ್ಷವೂ ಡಬ್ಬಿ ಹೊತ್ತು ವಡಾಲ ರೋಡ್‌ನಿಂದ ಹಾರ್ಬರ್ ಲೈನ್‌ನ ರೈಲು ಹಿಡಿಯುವುದೇ ನನ್ನ ಮಂಗಳವಾರವಾಗಿತ್ತು. ಯಾವಾಗಲೂ ನನ್ನ ಭಯ, ಐಸ್ ಕರಗೀತು, ವಿಟಮಿನ್ ಹೋದೀತು ಎಂದು. ಆ ಮಂಗಳವಾರ ಮೊದಲ ಸಲ, ರೇ ರೋಡ್ ಹತ್ತಿರ ಗಾಡಿ ನಿಂತುಬಿಟ್ಟಾಗ, ಐಸ್ ಕರಗಲಿ ಎಂದು ಬೇಡಿಕೊಂಡೆ. ಕೆಟ್ಟುಹೋಗಲಿ, ಯಂತ್ರಕ್ಕೆ ಏನೂ ಕಾಣದಿರಲಿ. ಎಂಥ ನೀಚ ಪ್ರಾರ್ಥನೆಯದು ಎಂದು ಗೊತ್ತಿದ್ದೂ ಮಾಡಿದೆ. ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ಹೆಂಗಸು ಡಬ್ಬಿ ನೋಡಿ, "ಆಯಿಸ್‌ಕ್ರೀಮ್ ಹೈ ಕ್ಯಾ?" ಎಂದು ಕೇಳಿದಳು. ನಾನು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ.

ಯಂತ್ರದ ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗುತ್ತದೆ. ಏನೂ ಇಲ್ಲದಿದ್ದರೆ ಸಪಾಟು. ವಿಟಮಿನ್ ಸಿ ಇದ್ದರೆ ನಾಲ್ಕನೆಯ ನಿಮಿಷಕ್ಕೆ ಎದ್ದು ಮೊನಚಾಗಿ ನಿಂತು ಇಳಿಯುತ್ತದೆ. ನೀಲಿಯದನ್ನು ಮೊದಲು ಹಾಕಿದೆ. ನಾಲ್ಕು ನಿಮಿಷ ಕಳೆಯಿತು, ಐದು ಕಳೆಯಿತು, ಗೆರೆ ಮಲಗಿಯೇ ಇತ್ತು. ಕೆಂಪಿನದು ಹಾಕಿದೆ. ಮೂರನೆಯ ನಿಮಿಷದಲ್ಲಿ ಕಣ್ಣು ಮುಚ್ಚಿದೆ. ತೆರೆದಾಗ ಗೆರೆ ಎದ್ದು ನಿಂತಿತ್ತು.

ಎಷ್ಟು ಎತ್ತರವೆಂದು ಅಳತೆ ಮಾಡಬೇಕಾಗಿರಲಿಲ್ಲ. ಎರಡು ವರ್ಷದಿಂದ ನೋಡಿದ ಎತ್ತರ, ನನಗೆ ಬಾಯಿಪಾಠ. ನನ್ನ ಹುಳುಗಳಲ್ಲಿ ಹೆಚ್ಚಾಗಿ ಕಂಡಿದ್ದು ಹೆಚ್ಚುಕಡಿಮೆ ಅಷ್ಟೇ. ಒಂದು ಹುಳುವೂ ಇಲ್ಲದ ದ್ರಾವಣದಲ್ಲಿ ನನ್ನ ಸಂಶೋಧನೆ ಪೂರ್ತಿಯಾಗಿ ಕಾಣುತ್ತಿತ್ತು.

ಹೊರಗೆ ಬಂದು ಒಂದು ಉಡುಪಿ ಹೋಟೆಲಿನಲ್ಲಿ ಕೂತೆ. ಆಫೀಸಿನವರು ಇಡ್ಲಿ ಮುಗಿಸಿ ಎದ್ದು ಹೋಗುತ್ತಿದ್ದರು, ಹೊಸಬರು ಕೂರುತ್ತಿದ್ದರು. ನನ್ನ ಮುಂದಿನ ಕಾಫಿ ಕೆನೆಗಟ್ಟಿತು. ನನಗೆ ಎರಡು ದಾರಿ ಕಾಣುತ್ತಿದ್ದವು, ಎರಡೂ ಭಯಂಕರ. ಸುಮ್ಮನಿದ್ದರೆ ಶುಕ್ರವಾರ ಸುಳ್ಳೊಂದು ನನ್ನ ಹೆಸರು ಹೊತ್ತು ಹೋಗುತ್ತದೆ. ಇವತ್ತಲ್ಲ ನಾಳೆ ಬೇರೆ ಯಾರೋ ಅದನ್ನೇ ಮಾಡಿ ನೋಡಿ, ಬರಲಿಲ್ಲವಲ್ಲ ಅನ್ನುತ್ತಾರೆ, ಆಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಹೇಳಿದರೆ ಎರಡು ವರ್ಷ ಮಣ್ಣುಪಾಲು. ಅಷ್ಟೇ ಅಲ್ಲ, ಅಕ್ಕನ ಗುತ್ತಿಗೆ ಅದೇ ತಿಂಗಳು ಹೊಸದಾಗಬೇಕಿತ್ತು. ಫ್ಲಾಸ್ಕ್ ಒಡೆದದ್ದಕ್ಕೆ ಬಿಡಿಸುವವರು ಇದಕ್ಕೆ ಬಿಡುತ್ತಾರೆಯೇ? ಅಕ್ಕನ ಕೆಲಸದ ಈ ಯೋಚನೆ ಬಂದಾಗ ನನಗೆ ಸಮಾಧಾನವಾದದ್ದನ್ನು ಮುಚ್ಚಿಡಲಾರೆ. ನೋಡು, ನೀನು ಸುಮ್ಮನಿರುವುದು ಅವರಿಗೋಸ್ಕರ ಎಂದು ನನ್ನ ಪುಕ್ಕಲುತನ ನನ್ನ ಬೆನ್ನು ಸವರಿತು.

ಬುಧವಾರ ಪೂರ್ತಿ ಹಾಗೆಯೇ ಇದ್ದೆ. ಮೇಡಂ ಲೇಖನದ ಕೊನೆಯ ಪ್ರತಿ ಕಳಿಸಿ, ಗ್ರಾಫಿನ ಬಣ್ಣ ಬದಲಿಸು, ಒಂದು ನೀಲಿ ಇರಲಿ, ಒಂದು ಕೆಂಪು ಇರಲಿ ಅಂದರು. ಬದಲಿಸಿದೆ. ಕೆಂಪು ಕಂಬ ಎತ್ತರವಾಗಿ ನಿಂತಿತು. ಮಧ್ಯಾಹ್ನ ಮೆಟ್ಟಿಲ ಕಡೆ ಹೋಗಲಿಲ್ಲ. ಅಕ್ಕ ಡಬ್ಬಿ ಹಿಡಿದು ಒಬ್ಬರೇ ಕೂತಿದ್ದನ್ನು ಕಿಟಕಿಯಿಂದ ನೋಡಿದೆ. ಅವರು ಬಹಳ ಹೊತ್ತು ಡಬ್ಬಿ ಬಿಚ್ಚಲಿಲ್ಲ, ನನಗಾಗಿ ಕಾಯುತ್ತಿದ್ದರು. ಆಮೇಲೆ ಬಿಚ್ಚದೆಯೇ ಎದ್ದು ಹೋದರು. ಸಂಜೆ ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಮುಲುಂಡಿನ ಗಾಡಿಯೆಂದು ತಿಳಿದು ಎದುರು ದಿಕ್ಕಿನದಕ್ಕೆ ಹತ್ತಿಬಿಟ್ಟೆ, ದಾದರ್ ಬಂದ ಮೇಲೆ ಎಚ್ಚರವಾಯಿತು. ಮನೆಯಲ್ಲಿ ಅಮ್ಮ ಊಟಕ್ಕೆ ಬಡಿಸಿ ತಿಳಿಸಾರಿಗೆ ನಿಂಬೆಹಣ್ಣು ಹಿಂಡಿದಳು. ಸಿಪ್ಪೆಯನ್ನು ಡಬ್ಬಿಗೆ ಹಾಕಿದಳು. ನಾನು ಊಟ ಬಿಟ್ಟು ಎದ್ದೆ. "ಲೇಖನ ಹೋಗೋವರೆಗೂ ಇವಳಿಗೆ ಅನ್ನ ಸೇರಲ್ಲ," ಎಂದು ಅಮ್ಮ ಅಪ್ಪನಿಗೆ ಹೇಳಿದ್ದು ಕೇಳಿಸಿತು.

ಗುರುವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಧೈರ್ಯ ಬಂತೆಂದು ತಿಳಿಯಬೇಡಿ. ಸಿಕ್ಕಿಬೀಳುವ ಭಯ ಹೇಳುವ ಭಯಕ್ಕಿಂತ ದೊಡ್ಡದಾಗಿತ್ತು, ಅಷ್ಟೇ. ಮತ್ತು ನಾನು ಹೇಳಿದ ರೀತಿ ಇದು: "ಮೇಡಂ, ಕೆಂಪು ಪಟ್ಟಿಯದನ್ನು ನಿಂಬೆಹಣ್ಣಿನಿಂದ ತೊಳೆಯಲಾಗುತ್ತಿತ್ತು." ಇಂಗ್ಲಿಷಿನಲ್ಲಿ ಹೇಳಿದೆ. ಯಾರು ಎಂಬುದು ಬಾರದ ಹಾಗೆ ರೈಲಿನಲ್ಲಿ ಬರುತ್ತ ಹತ್ತು ಸಲ ಹೇಳಿಕೊಂಡು ಬಂದಿದ್ದೆ. ಆಮೇಲೆ ಮಂಗಳವಾರದ ಎರಡು ಗೆರೆಗಳ ಪ್ರಿಂಟ್ ಮುಂದಿಟ್ಟೆ.

ಮೇಡಂ ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು. "ಯಾರು ತೊಳೆದಿದ್ದು?"

"ಮೌಶಿ," ಅಂದೆ. ಎರಡು ವರ್ಷ ಅಕ್ಕ ಅಂದ ಬಾಯಲ್ಲಿ.

ಮೇಡಂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದು ಸೂಪರ್‌ವೈಸರ್‌ಗೆ, ಮಧ್ಯಾಹ್ನ ಬಂದು ನನ್ನನ್ನು ಕಾಣು, ತೊಳೆಯುವ ಹೆಂಗಸಿನ ವಿಷಯ ಎಂದರು. ಆಮೇಲೆ ಅಕ್ಕನನ್ನು ಕರೆಸಿದರು. ಅಕ್ಕ ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸುತ್ತ ಬಂದು ಬಾಗಿಲಲ್ಲೇ ನಿಂತರು. ಮೇಜಿನ ಮೇಲೆ ಕೆಂಪು ಪಟ್ಟಿಯ ಒರಳು ಇತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು.

"ಮೌಶಿ, ಸಚ್ ಬತಾವೋ. ಇಸಮೆ ನಿಂಬೂ ಡಾಲನೇ ಕೋ ಕಿಸನೇ ಬೋಲಾ?" ಇದಕ್ಕೆ ನಿಂಬೆಹಣ್ಣು ಹಾಕಲು ಯಾರು ಹೇಳಿದ್ದು, ನಿಜ ಹೇಳು ಎಂದು ಮೇಡಂ ಕೇಳಿದರು.

ಅಕ್ಕ "ಮೇಡಂ, ವೋ..." ಎಂದು ಶುರು ಮಾಡಿದರು. ಹೆದರಿಕೆಗೆ ಅವರಿಗಿದ್ದ ನಾಲ್ಕು ಮಾತಿನ ಹಿಂದಿಯೂ ಕೈಕೊಟ್ಟಿತು. ಮೇಡಂ ನನ್ನ ಕಡೆ ತಿರುಗಿ, ಅವರ ಭಾಷೆಯಲ್ಲೇ ಕೇಳು, ಅವರು ಏನು ಹೇಳುತ್ತಾರೋ ಹಾಗೇ ನನಗೆ ಹೇಳು ಅಂದರು.

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಮಾತು ಸ್ಪಷ್ಟವಿತ್ತು.

"ನಾನಽ ಮಾಡೀನಿ ಅಂತ ಹೇಳ್ರಿ ಅಕ್ಕಾರ. ಯಾರೂ ಹೇಳಿಲ್ಲ, ನನ್ನ ತಲಿಯಿಂದನಽ ಮಾಡೀನಿ ಅನ್ರಿ. ನಿಮ್ಮದು ಓದಿನ ಪ್ರಶ್ನೆ ಐತಿ. ನನಗ ಬ್ಯಾರೆ ಕಡೆ ಎಲ್ಲೆರ ಪಾತ್ರಿ ತಿಕ್ಕೂದು ಸಿಗತೈತಿ."

"ಏನಂದರು?" ಎಂದು ಮೇಡಂ ಕೇಳಿದರು.

ಆ ಕ್ಷಣದಷ್ಟು ನಾನು ಜೀವಮಾನದಲ್ಲಿ ಹೆದರಿಲ್ಲ. ಮೂರು ದಿನದ ಭಯವೆಲ್ಲ ಅದರ ಮುಂದೆ ಏನೂ ಅಲ್ಲ. ಆ ಕೋಣೆಯಲ್ಲಿ ಆ ಮಾತು ಅರ್ಥವಾದವಳು ನಾನೊಬ್ಬಳೇ. ನಾನು ಏನು ಹೇಳಿದರೂ ಅದೇ ಸತ್ಯ. ತಡೆಯುವವರು ಯಾರೂ ಇರಲಿಲ್ಲ, ಅಕ್ಕ ಕೂಡ ತಡೆಯುವುದಿಲ್ಲ, ಅವರೇ ನನ್ನ ಕೈಗೆ ಸುಳ್ಳು ಕೊಟ್ಟು ನಿಂತಿದ್ದರು. ಹೇಳಬೇಕಾದದ್ದು ನಾಲ್ಕೇ ಶಬ್ದ, ಅವರು ತಾವಾಗಿಯೇ ಮಾಡಿದರಂತೆ ಮೇಡಂ. ನನ್ನ ಬಾಯಿ ಆ ನಾಲ್ಕು ಶಬ್ದಕ್ಕೆ ತೆರೆದದ್ದೂ ಹೌದು. ಮೇಡಂ ಕಾಯುತ್ತಿದ್ದರು. ಅಕ್ಕನ ಸೆರಗಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹಾಗೇ ಹೇಳು ಅಂದಿದ್ದರಲ್ಲ, ಹಾಗೇ ಹೇಳಿದೆ. ಬೇರೆ ಏನನ್ನೂ ಕಟ್ಟಿ ಹೇಳುವ ಶಕ್ತಿ ನನಗಿರಲಿಲ್ಲ. "ತಾನೇ ಮಾಡಿದ್ದು ಅಂತ ಹೇಳಿ ಎಂದು ನನಗೆ ಹೇಳುತ್ತಿದ್ದಾರೆ. ಯಾರೂ ಹೇಳಿಕೊಡಲಿಲ್ಲ ಅಂತ ಹೇಳಬೇಕಂತೆ. ಯಾಕೆಂದರೆ ನನ್ನದು ಓದಿನ ಪ್ರಶ್ನೆ, ಅವರಿಗೆ ಬೇರೆ ಎಲ್ಲಾದರೂ ಪಾತ್ರೆ ತೊಳೆಯುವ ಕೆಲಸ ಸಿಗುತ್ತದಂತೆ." ಅಲ್ಲಿಗೆ ಅವರ ಮಾತು ಮುಗಿದಿತ್ತು. ನನ್ನದು ಉಳಿದಿತ್ತು. "ಹೇಳಿಕೊಟ್ಟಿದ್ದು ನಾನು ಮೇಡಂ," ಅಂದೆ.

ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೆ. ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿ, ಕನ್ನಡಕ ಹಾಕಿಕೊಂಡು, ಫೋನ್ ತೆಗೆದು ಸೂಪರ್‌ವೈಸರ್‌ಗೆ ಬರಬೇಡ ಎಂದರು. ಕೆಲಸದ ಬಗ್ಗೆ ದೂರೇನೂ ಇಲ್ಲ ಎಂದೂ ಸೇರಿಸಿದರು. ಆಮೇಲೆ ನನಗೆ, "ಲೇಖನ ಹೋಗುವುದಿಲ್ಲ. ಹೊಸ ಒರಳು ತರಿಸು, ಮೊದಲಿನಿಂದ ಮಾಡು. ಇದನ್ನೆಲ್ಲ ಈಗಲೇ ನೋಟ್‌ಬುಕ್‌ನಲ್ಲಿ ಬರೆದು ಸಾಕ್ಷಿ ಸಹಿ ಹಾಕಿಸಿ ತಾ," ಅಂದರು. ನಾನು ಬಾಗಿಲು ದಾಟುವಾಗ, "ಬೇರೆ ಯಾರಾದರೂ ಕನ್ನಡ ಬಲ್ಲವರು ಇದ್ದಿದ್ದರೆ ನಾನು ನಿನ್ನನ್ನು ಕೇಳುತ್ತಿರಲಿಲ್ಲ," ಎಂದರು. ಅದರಲ್ಲಿ ನಂಬಿಕೆ ಇತ್ತೋ ಅಪನಂಬಿಕೆ ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬರೆದೆ. ಒಂದೇ ಪುಟ. ಕೆಂಪು ಪಟ್ಟಿಯ ಒರಳನ್ನು ನಿಂಬೆರಸದಲ್ಲಿ ನೆನೆಸಿಡಲಾಗುತ್ತಿತ್ತು, ಹಾಗೆ ಮಾಡಲು ಹೇಳಿದವಳು ನಾನು, ಬ್ಲ್ಯಾಂಕನ್ನು ಒರಳಿಗೆ ಹಾಕದೆ ತಪ್ಪು ಮಾಡಿದವಳೂ ನಾನು, ಇಲ್ಲಿಯವರೆಗಿನ ಯಾವ ಅಳತೆಯನ್ನೂ ನಂಬಬಾರದು. ಕೆಳಗೆ ಸಹಿ ಹಾಕಿದೆ. ಪಕ್ಕದ ಮೇಜಿನವನು ಅಭ್ಯಾಸದಂತೆ, ಪುಟದ ಕಡೆ ನೋಡದೆಯೇ, ಪೆನ್ನು ತೆಗೆದು ಕೈ ಚಾಚಿದ. ನಾನು ಪುಸ್ತಕವನ್ನು ಎದೆಗೆ ಹಿಡಿದುಕೊಂಡು ತೊಳೆಯುವ ಕೋಣೆಗೆ ಹೋದೆ.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ಕೆಂಪಗಿತ್ತು. ನಾನು ಪಕ್ಕದಲ್ಲಿ ಕೂತು, ಇಲ್ಲೊಂದು ಸಹಿ ಹಾಕಬೇಕು ಅಂದೆ.

"ಏನ್ ಬರದೈತಿ ಅದರಾಗ? ಓದಿ ಹೇಳ್ರಿ."

ಎರಡು ವರ್ಷದಲ್ಲಿ ಯಾರೂ ಕೇಳದ ಮಾತು. ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಅಕ್ಕ ಕತ್ತು ಬಗ್ಗಿಸಿ ಕೇಳಿಸಿಕೊಂಡರು. ನಡುವೆ ಒಂದು ಕಡೆ, "ಹುಳದಾಗೂ ಲಿಂಬಿಹಣ್ಣಿನ ಸತ್ವ ಇರತೈತೇನ್ರಿ?" ಎಂದು ಕೇಳಿದರು. ಇರುತ್ತದೆ, ಅದನ್ನೇ ಅಳೆಯುವುದು ನನ್ನ ಕೆಲಸ ಅಂದೆ. ಎರಡು ವರ್ಷ ಒಟ್ಟಿಗೆ ಊಟ ಮಾಡಿದವರಿಗೆ ಇದನ್ನೂ ನಾನು ಹೇಳಿರಲಿಲ್ಲ. ಹೇಳಿದ್ದರೆ ಅವರು ಆ ಒರಳಿಗೆ ನಿಂಬೆಹಣ್ಣು ಮುಟ್ಟಿಸುತ್ತಿದ್ದರೇ? ಓದಿ ಮುಗಿಸಿ ಪೆನ್ನು ಕೊಟ್ಟೆ.

ಅವರು ಪೆನ್ನು ಹಿಡಿದುಕೊಂಡೇ ಕೂತರು.

"ಆವತ್ತ ಯಾರಿಗೂ ಹೇಳಬ್ಯಾಡ್ರಿ ಅಂದಿದ್ರಿ," ಅಂದರು ಅಕ್ಕ, ಪುಟದ ಕಡೆಯೇ ನೋಡುತ್ತ. "ಅದನ್ನ ಬರದಿಲ್ಲೇನ್ರಿ?"

ಬರೆದಿರಲಿಲ್ಲ. ಸಿಟ್ಟಿನಿಂದ ಕೇಳಿದ್ದಲ್ಲ, ಓದಿದ್ದರಲ್ಲಿ ಒಂದು ಸಾಲು ತಪ್ಪಿಹೋಯಿತೇನೋ ಎನ್ನುವ ಹಾಗೆ ಕೇಳಿದರು. ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಉಳಿದಿದ್ದ ಒಂದಿಷ್ಟು ಜಾಗದಲ್ಲಿ, ಸೋಮವಾರ ಗೊತ್ತಾದರೂ ನಾನು ಇದನ್ನು ಬಚ್ಚಿಟ್ಟೆ, ತೊಳೆಯುವವರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ ಎಂದು ಬರೆದೆ. ಜಾಗ ಸಾಲದೆ ಅಕ್ಷರ ಸೊಟ್ಟಗಾಯಿತು. ಬರೆದದ್ದನ್ನು ಓದಿ ಹೇಳಿದೆ.

"ಹೂಂ, ಈಗ ಆತು," ಅಂದರು ಅಕ್ಕ. ಪೆನ್ನು ಇಸಿದುಕೊಂಡು, ಸಾಕ್ಷಿಯ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ತಮ್ಮ ಹೆಸರು ಬರೆದರು.